ಊರಿನ ಒಂದು ಬುಧವಾರ

ನಮ್ಮ ಸಂಘದ ತರುಣ ತರುಣಿಯರನ್ನು "ನಿಮ್ಮ ಊರು ಯಾವುದು?" ಎಂದು ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ. ಒಬ್ಬರು ಉಡುಪಿ ಎನ್ನುತ್ತಾರೆ, ಇನ್ನೊಬ್ಬರು ವಿಜಯಪುರ, ಮತ್ತೊಬ್ಬರು ಕುಮಟಾ. "ಅಲ್ಲಿ ಏನಿದೆ?" ಎಂಬ ಎರಡನೆಯ ಪ್ರಶ್ನೆಗೆ ಮಾತ್ರ ಸ್ವಲ್ಪ ತಡವರಿಸುತ್ತಾರೆ. ಅಜ್ಜಿಯ ಮನೆ ಇದೆ, ಕುಲದೇವರ ಗುಡಿ ಇದೆ, ಮದುವೆ ಮುಂಜಿಗೆ ಹೋಗುತ್ತೇವೆ, ಚಿಕ್ಕವರಿದ್ದಾಗ ಮೇ ತಿಂಗಳ ರಜೆಗೆ ಹೋಗುತ್ತಿದ್ದೆವು. ಇಷ್ಟು ಹೇಳುವಷ್ಟರಲ್ಲಿ ಮಾತು ಮುಗಿಯುತ್ತದೆ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಮುಂಬಯಿಯಲ್ಲಿ ಹುಟ್ಟಿ ಬೆಳೆದವರಿಗೆ ಊರು ಎಂದರೆ ಶಾಲೆಯ ರಜೆಗೆ, ಅಪ್ಪನ ಲೀವಿಗೆ, ಮದುವೆಯ ಮುಹೂರ್ತಕ್ಕೆ ಹೊಂದಿಕೊಂಡು ಸಿಗುವ ಜಾಗ. ಬೇಸಿಗೆಯ ಊರಿನಲ್ಲಿ ನೆಂಟರ ಮಕ್ಕಳು ತುಂಬಿರುತ್ತಾರೆ. ಮದುವೆಯ ಊರಿನಲ್ಲಿ ಛತ್ರ ಬಿಟ್ಟು ಹೊರಗೆ ಕಾಲಿಡಲು ಪುರಸತ್ತಿರುವುದಿಲ್ಲ. ಊರು ತನ್ನ ಪಾಡಿಗೆ ತಾನು ಬದುಕುತ್ತಿರುವ ದಿನ, ಯಾವ ಹಬ್ಬವೂ ಇಲ್ಲದ, ಯಾರೂ ಯಾರನ್ನೂ ಕಾಯದ ಒಂದು ದಿನ, ನಿಮ್ಮಲ್ಲಿ ಎಷ್ಟು ಜನರ ಪಾಲಿಗೆ ಬಂದಿದೆ? ನಾನು ಹೇಳಹೊರಟಿರುವುದು ಅಂಥ ಒಂದು ದಿನದ ಕಥೆ. ನನ್ನ ಊರು ಧಾರವಾಡವಾದ್ದರಿಂದ ಧಾರವಾಡದ ಮಾತು. ನೀವು ಓದುವಾಗ ನಿಮ್ಮ ನಿಮ್ಮ ಊರನ್ನು ಆ ಜಾಗದಲ್ಲಿ ಇಟ್ಟುಕೊಳ್ಳಿ.

ನಮ್ಮ ಶರದೃತು

ಕರ್ನಾಟಕ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದುವಾಗ ಕೀಟ್ಸ್ ಕವಿ 1819ರಲ್ಲಿ ಬರೆದ 'ಟು ಆಟಮ್' ಎಂಬ ಪದ್ಯ ನಮಗೆ ಪಾಠವಾಗಿತ್ತು. ಅಂದಿನಿಂದ ಆಟಮ್ ಎಂದರೆ ಎಲೆ ಹಣ್ಣಾಗಿ ಉದುರುವ, ಚಳಿಗೆ ಮುಂಚಿನ ಮಂಕು ಕಾಲ ಎಂದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಕಿಟಕಿಯಿಂದ ಹೊರಗೆ ನೋಡಿದರೆ ಕಾಣುತ್ತಿದ್ದುದೇ ಬೇರೆ. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ, ಸಂಕ್ರಾಂತಿ ಕಳೆದ ಮೇಲೆ. ಆಶ್ವಯುಜ, ಕಾರ್ತಿಕ ಮಾಸಗಳ ಶರದೃತು ವರ್ಷದಲ್ಲೇ ಅತ್ಯಂತ ಹಸಿರಾದ ಕಾಲ. ಮಳೆ ಹಿಂದೆ ಸರಿದಿರುತ್ತದೆ, ಕೆರೆ ತುಂಬಿರುತ್ತದೆ, ಆಕಾಶ ತೊಳೆದಿಟ್ಟಂತೆ ಇರುತ್ತದೆ. ಕಾಳಿದಾಸನ 'ಋತುಸಂಹಾರ'ದ ಮೂರನೆಯ ಸರ್ಗ ಪೂರ್ತಿ ಈ ಋತುವಿಗೇ ಮೀಸಲು.

ಮುಂಬಯಿಯಲ್ಲಿರುವ ನಮಗೆ ಇದು ಗೊತ್ತಾಗುವುದೇ ಇಲ್ಲ. ಇಲ್ಲಿ ಮಳೆ ನಿಂತ ಮರುದಿನವೇ 'ಅಕ್ಟೋಬರ್ ಹೀಟ್' ಶುರು! ಲೋಕಲ್ ಗಾಡಿಯಲ್ಲಿ ಬೆವರು ಒರೆಸಿಕೊಳ್ಳುತ್ತ, ವರ್ಷಕ್ಕೆ ಎರಡು ಬೇಸಿಗೆಗಳೆಂದು ಒಪ್ಪಿಕೊಂಡು ಬಾಳುತ್ತೇವೆ. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ. ಅದೇ ಅಕ್ಟೋಬರಿನಲ್ಲಿ ಅಲ್ಲಿ ರಾತ್ರಿ ಫ್ಯಾನ್ ಆರಿಸಿ ಹೊದ್ದು ಮಲಗಬೇಕು.

ಆ ಊರು ಕೂತಿರುವ ಜಾಗವೂ ವಿಶೇಷ. ಪಶ್ಚಿಮಕ್ಕೆ ಅಳ್ನಾವರ, ಹಳಿಯಾಳದ ಕಡೆ ಹೊರಟರೆ ಕೆಂಪು ಮಣ್ಣು, ಭತ್ತದ ಗದ್ದೆ, ಮಲೆನಾಡಿನ ಕಾಡು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಯ ಕಡೆ ಹೊರಟರೆ ಕಣ್ಣು ಹರಿದಷ್ಟು ದೂರ ಕಪ್ಪು ಎರೆ ಭೂಮಿ, ಹತ್ತಿ, ಜೋಳ, ಕಡಲೆ. ಮಳೆಯ ನೀರು ಕೂಡ ಇಲ್ಲಿ ಎರಡು ದಾರಿ ಹಿಡಿಯುತ್ತದೆ. ಊರಂಚಿನ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಹೊಳೆ ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಪೂರ್ವದ ಎರೆ ಹೊಲಗಳ ನೀರು ಬೆಣ್ಣೆಹಳ್ಳಕ್ಕೆ ಬಿದ್ದು, ಮಲಪ್ರಭೆಯಿಂದ ಕೃಷ್ಣೆಗೆ ಸೇರಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ದಾದರ್ ಚೌಪಾಟಿಯಲ್ಲಿ ನಿಮ್ಮ ಕಾಲು ತೊಳೆಯುವ ಸಮುದ್ರಕ್ಕೆ ಧಾರವಾಡದ ಒಂದಿಷ್ಟು ಮಳೆಯೂ ಬಂದು ಸೇರಿದೆ ಎಂದರೆ ಸುಳ್ಳಲ್ಲ.

ಮನೆಯ ಪ್ರಶ್ನೆ

ಈ ಬುಧವಾರದ ಕಥೆಗೆ ಒಂದು ಹಿನ್ನೆಲೆ ಉಂಟು. ಮಾಳಮಡ್ಡಿಯಲ್ಲಿ ನಮ್ಮ ತವರುಮನೆ ಇದೆ. ಮಂಗಳೂರು ಹಂಚಿನ ಮಾಡು, ಮುಂದೆ ಕಟ್ಟೆ, ಒಳಗೆ ಪಡಸಾಲೆ, ಹಿಂದೆ ಹಿತ್ತಲು. ಅಲ್ಲಿ ನಮ್ಮ ಅವ್ವ ಒಬ್ಬಳೇ ಇದ್ದಾಳೆ. ಅವಳಿಗೆ 84 ದಾಟಿದೆ. ಅಣ್ಣ ಬೆಂಗಳೂರಿನಲ್ಲಿ, ತಮ್ಮ ಪುಣೆಯಲ್ಲಿ, ನಾನು ಇಲ್ಲಿ. ಹಂಚು ಸೋರುತ್ತದೆ, ತೊಲೆಗೆ ಗೆದ್ದಲು ಹತ್ತಿದೆ, ಜಾಗಕ್ಕೆ ಮಾತ್ರ ಬೆಲೆ ಏರಿದೆ. ಅಕ್ಕಪಕ್ಕದ ಎರಡು ಹಳೆಯ ಮನೆಗಳು ಅಪಾರ್ಟ್‌ಮೆಂಟ್ ಆಗಿವೆ. ನಮ್ಮ ಮನೆಯ ಬಗ್ಗೆಯೂ ಒಡಹುಟ್ಟಿದವರಲ್ಲಿ ಮಾತು ನಡೆದಿತ್ತು. ಅವ್ವ ಇರುವತನಕ ಏನೂ ಬೇಡ ಎನ್ನುವುದು ಒಂದು ಮಾತು. ಆಮೇಲಾದರೂ ಯಾರಿಗಾಗಿ ಇಟ್ಟುಕೊಳ್ಳಬೇಕು ಎನ್ನುವುದು ಇನ್ನೊಂದು ಮಾತು.

ನನ್ನ ಮಗಳನ್ನು ಕೇಳಿದೆ. ಅವಳಿಗೆ ಇಪ್ಪತ್ತನಾಲ್ಕು. ಹುಟ್ಟಿದ್ದು ಬೆಳೆದದ್ದು ಎಲ್ಲಾ ಮುಂಬಯಿ. "ಅಮ್ಮಾ, ವರ್ಷಕ್ಕೆ ಒಂದು ಸಲ ನಾಲ್ಕು ದಿನ ಹೋಗೋ ಮನೆ ಅದು. ಅಜ್ಜಿ ಇಲ್ಲದಿದ್ರೆ ನಾನಂತೂ ಯಾಕೆ ಹೋಗ್ತೀನಿ ಹೇಳು," ಎಂದಳು. ಮಾತು ಚುಚ್ಚಿದರೂ ಅದರಲ್ಲಿ ಸುಳ್ಳಿರಲಿಲ್ಲ. ಅವಳ ಧಾರವಾಡದಲ್ಲಿ ಇದ್ದುದು ಅಜ್ಜಿ ಒಬ್ಬಳೇ. ಊರು ಅವಳಿಗೆ ಸಿಕ್ಕಿರಲೇ ಇಲ್ಲ.

2024ರ ಅಕ್ಟೋಬರಿನಲ್ಲಿ ಅವ್ವನ ಕಣ್ಣಿನ ಪೊರೆ ತೆಗೆಸಿದಾಗ ಹತ್ತು ದಿನ ಇದ್ದು ಬರೋಣವೆಂದು ನಾನು ಹೊರಟೆ. ಆಫೀಸಿನ ಕೆಲಸವನ್ನು ಲ್ಯಾಪ್‌ಟಾಪಿನಲ್ಲೇ ಮಾಡಬಹುದಾದ್ದರಿಂದ ಮಗಳೂ ಜೊತೆಗೆ ಬಂದಳು. ದಸರೆ ಮುಗಿದಿತ್ತು. ಶೀಗಿ ಹುಣ್ಣಿಮೆಯೂ ಆಗಿಹೋಗಿತ್ತು. ದೀಪಾವಳಿಗೆ ಇನ್ನೂ ಒಂದು ವಾರವಿತ್ತು. ಅಕ್ಟೋಬರ್ 23, ಬುಧವಾರ. ಪಂಚಾಂಗದಲ್ಲಿ ಹಬ್ಬವಿಲ್ಲ, ಹರಿದಿನವಿಲ್ಲ. ಬರಿಯ ಒಂದು ದಿನ.

ಬೆಳಗು

ಬೆಳಗ್ಗೆ ಎಚ್ಚರವಾದದ್ದು ಆಕಾಶವಾಣಿಯಿಂದ. ಧಾರವಾಡದ ಬಾನುಲಿ ಕೇಂದ್ರ ಶುರುವಾದದ್ದು 1950ರ ಜನವರಿಯಲ್ಲಿ. ಅವ್ವನಿಗೆ ಆಗ ಹತ್ತು ವರ್ಷ. ಅಂದಿನಿಂದ ಇಂದಿನವರೆಗೆ ಅವಳ ಗಡಿಯಾರ ಅದೇ. ಸುದ್ದಿ ಮುಗಿದರೆ ಸ್ನಾನ, ಚಿಂತನ ಮುಗಿದರೆ ಚಹಾ.

ಅಂಗಳದ ಪಾರಿಜಾತದ ಗಿಡ ರಾತ್ರಿಯೆಲ್ಲ ಹೂ ಬಿಟ್ಟು ನಸುಕಿನಲ್ಲಿ ಅಷ್ಟನ್ನೂ ನೆಲಕ್ಕೆ ಸುರಿದಿತ್ತು. ಪಾರಿಜಾತವನ್ನು ಗಿಡದಿಂದ ಕೀಳುವ ಪದ್ಧತಿ ಇಲ್ಲ. ನೆಲಕ್ಕೆ ಬಿದ್ದ ಹೂವು ದೇವರಿಗೆ ಸಲ್ಲುವುದು ಇದೊಂದೇ ಎಂದು ಅವ್ವ ಹೇಳುತ್ತಾಳೆ. ಸಂಜೆಯೇ ಗಿಡದ ಕೆಳಗೆ ಹಳೆಯ ಧೋತರವೊಂದನ್ನು ಹಾಸಿರುತ್ತಾಳೆ. ಬೆಳಗ್ಗೆ ನಾಲ್ಕು ಮೂಲೆ ಹಿಡಿದು ಎತ್ತಿದರೆ ಹೂವಿನ ಕೆಲಸ ಮುಗಿಯಿತು. ಮಗಳು ಒಂದು ಮೂಲೆ ಹಿಡಿದಳು. ಈ ಹೂವಿನ ಕೇಸರಿ ತೊಟ್ಟಿನಿಂದ ಬಟ್ಟೆಗೆ ಬಣ್ಣ ಹಾಕುತ್ತಿದ್ದರು ಎಂದು ನಾನು ಹೇಳಿದ್ದೇ ತಡ, ಬೆರಳಿನ ನಡುವೆ ಒಂದು ತೊಟ್ಟು ಹೊಸಕಿ ನೋಡಿದಳು.

ಅವ್ವನ ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕಿತ್ತು. ಆ ಕೆಲಸ ಮಗಳು ವಹಿಸಿಕೊಂಡಳು. "ಅಜ್ಜಿ, ಮ್ಯಾಲೆ ನೋಡ್ರಿ," ಎನ್ನುವುದನ್ನು ಧಾರವಾಡದ ದಾಟಿಯಲ್ಲೇ ಕಲಿತಳು. "ಸಾವಕಾಶ ಹಾಕವಾ, ಗಂಟಲಕ್ಕ ಇಳೀತದ ನೋಡು ಅದರ ಕಹಿ," ಎಂದು ಅವ್ವ. ಕಣ್ಣಿನ ಹನಿ ಗಂಟಲಿಗೆ ಇಳಿಯುವುದು ನಿಜವೇ ಎಂದು ಮಗಳಿಗೆ ಅನುಮಾನ. ನಿಜವೇ! ಕಣ್ಣಿನ ಒಳಮೂಲೆಯಿಂದ ಮೂಗಿಗೆ ಒಂದು ಸಣ್ಣ ನಾಳ ಇದೆ. ಅದಕ್ಕೇ ಅತ್ತಾಗ ಮೂಗೂ ಸೋರುತ್ತದೆ.

ಎಂಟು ಗಂಟೆಗೆ ಕಾಯಿಪಲ್ಲೆಯ ಬುಟ್ಟಿ ಹೊತ್ತ ಹೆಂಗಸು ಬಂದಳು. ಹತ್ತಿರದ ಹಳ್ಳಿಯವಳು, ಮೊದಲ ಬಸ್ಸಿಗೆ ಬಂದು ಮಾಳಮಡ್ಡಿಯ ನಾಲ್ಕು ಓಣಿ ಸುತ್ತಿ ಮಧ್ಯಾಹ್ನದ ಬಸ್ಸಿಗೆ ಮರಳುತ್ತಾಳೆ. ಬುಟ್ಟಿ ಇಳಿಸಿದ್ದು ಕಟ್ಟೆಯ ಮೇಲೆ. ದಕ್ಷಿಣದ ಕಡೆಯವರು ಇದನ್ನು ಜಗಲಿ ಎನ್ನುತ್ತಾರೆ. ನಮ್ಮಲ್ಲಿ ಜಗಲಿ ಎಂದರೆ ದೇವರನ್ನು ಕೂರಿಸುವ ಜಾಗ. ಅದರ ಮೇಲೆ ಬದನೆಕಾಯಿ ಇಟ್ಟರೆ ಅವ್ವ ಸುಮ್ಮನಿದ್ದಾಳೆಯೇ!

ಆ ಬುಟ್ಟಿಯೇ ಶರದೃತುವಿನ ಪಂಚಾಂಗವಾಗಿತ್ತು. ಮಣ್ಣು ಹತ್ತಿದ ಹಸಿ ಶೇಂಗಾ, ಸೀತಾಫಲ, ಪೇರಲ, ಗೊಂಜಾಳದ ಎಳೆ ತೆನೆ, ಸಿವುಡು ಸಿವುಡಾಗಿ ಮೆಂತ್ಯ, ಎಲೆಯ ಸಮೇತ ಮೂಲಂಗಿ. ಮುಂಗಾರಿನಲ್ಲಿ ಬಿತ್ತಿದ್ದು ಈಗ ಮನೆಗೆ ಬರುವ ಕಾಲ. ಅತ್ತ ಎರೆ ಹೊಲಗಳಲ್ಲಿ ಹಿಂಗಾರಿನ ಜೋಳ, ಕಡಲೆ, ಕುಸುಬೆ ಬಿತ್ತುವ ಕಾಲ. ಒಂದು ಬೆಳೆ ಬುಟ್ಟಿಯಲ್ಲಿ, ಇನ್ನೊಂದು ಮಣ್ಣಿನಲ್ಲಿ. ಎರಡೂ ಒಟ್ಟಿಗೆ ಇರುವುದು ವರ್ಷದಲ್ಲಿ ಈ ಕೆಲವೇ ವಾರ. ಹುಣ್ಣಿಮೆಯ ದಿನ ರೈತರ ಮನೆಯವರು ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲಿ, ಬಸುರಿಯಾದ ಭೂಮಿತಾಯಿಗೆ ಬಯಕೆಯ ಊಟ ಬಡಿಸುವುದು ಇದೇ ಕಾರಣಕ್ಕೆ.

ಚೌಕಾಸಿ ಅವ್ವನ ನಿತ್ಯದ ವ್ಯಾಯಾಮ. "ಹೋದ ವಾರಕ್ಕಿಂತ ಹತ್ತು ರೂಪಾಯಿ ಜಾಸ್ತಿ ಹೇಳಲಿಕ್ಕತ್ತೀಯಲ್ಲ," ಎಂದಳು. "ಮಳಿ ಹೆಂಗ ಹೊಡೀತು ನೀವ ನೋಡೀರಲ್ಲರೀ ಅಮ್ಮಾರ, ಶೇಂಗಾ ಹೊಲದಾಗ ಮೊಳಕಿ ಒಡದಾವ," ಎಂದಳು ಅವಳು. ಅಲ್ಲಿಗೆ ಚೌಕಾಸಿ ನಿಂತಿತು. ಅವ್ವ ಹೇಳಿದಷ್ಟೇ ಕೊಟ್ಟಳು. ಅವಳು ತೂಕದ ಮೇಲೆ ಎರಡು ಹಿಡಿ ಕೊಸರು ಹಾಕಿದಳು. ಅವ್ವ ಒಳಗಿನಿಂದ ಚಹಾ ತರಿಸಿ ಕೊಟ್ಟಳು. ಮಗಳು ಇದನ್ನೆಲ್ಲ ನೋಡುತ್ತಿದ್ದಳು. "ಕೊಸರು ಅಂದ್ರೆ ಡಿಸ್ಕೌಂಟಾ?" ಎಂದು ಆಮೇಲೆ ಕೇಳಿದಳು. ಡಿಸ್ಕೌಂಟಿನಲ್ಲಿ ಬೆಲೆ ಇಳಿಯುತ್ತದೆ. ಕೊಸರಿನಲ್ಲಿ ಬೆಲೆ ಇದ್ದಷ್ಟೇ ಇದ್ದು, ಮಾರುವವಳ ಕೈ ಸ್ವಲ್ಪ ಧಾರಾಳವಾಗುತ್ತದೆ. ಈ ಶಬ್ದವನ್ನು ನಾನು ಮುಂಬಯಿಯ ಮನೆಯಲ್ಲಿ ಹತ್ತು ಸಲ ಹೇಳಿದ್ದರೂ ಅವಳಿಗೆ ಹತ್ತುತ್ತಿರಲಿಲ್ಲ. ಎರಡು ಹಿಡಿ ಶೇಂಗಾ ಬುಟ್ಟಿಯಿಂದ ಪುಟ್ಟಿಗೆ ಬಿದ್ದಾಗ ಹತ್ತಿತು.

ಮಧ್ಯಾಹ್ನದ ಕೌದಿ

ಮಳೆಗಾಲ ಮುಗಿದ ಮೇಲೆ ಮೊದಲ ಒಳ್ಳೆಯ ಬಿಸಿಲಿಗೆ ಹಾಸಿಗೆ, ಹೊದಿಕೆ ಒಣಹಾಕುವುದು ನಮ್ಮ ಕಡೆಯ ರೂಢಿ. ಅಂದು ಹತ್ತು ಗಂಟೆಗೆ ಹಿತ್ತಲಿನ ಹಗ್ಗದ ಮೇಲೆ ಮೂರು ಕೌದಿ ಹರವಿದೆವು. ಕೌದಿ ಗೊತ್ತಲ್ಲವೇ? ಹಳೆಯ ಸೀರೆ, ಧೋತರ, ಅಂಗಿಗಳ ತುಂಡು ಜೋಡಿಸಿ, ಪದರ ಪದರ ಇಟ್ಟು, ಕೈಯಿಂದ ಸಾಲು ಹೊಲಿಗೆ ಹಾಕಿದ ಹೊದಿಕೆ. ಇವತ್ತು ದೊಡ್ಡ ಅಂಗಡಿಗಳಲ್ಲಿ ಸಾವಿರಾರು ರೂಪಾಯಿಗೆ ಮಾರುತ್ತಾರೆ. ನಮ್ಮ ಮನೆಯ ಕೌದಿ ಹೊಲಿದದ್ದು ನನ್ನ ಅಜ್ಜಿ ಮತ್ತು ಅವ್ವ ಕೂಡಿ.

ಊಟಕ್ಕೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಹಸಿ ಮೆಂತ್ಯದ ಪಚಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ರೊಟ್ಟಿ ಬಡಿಯುವ ಸಪ್ಪಳ ಓಣಿಯ ಮೂರು ಮನೆಗಳಿಂದ ಒಟ್ಟಿಗೆ ಕೇಳುತ್ತಿತ್ತು. ಯಾರ ಮನೆಯದು ಯಾವುದು ಎಂದು ಅವ್ವ ಕೂತಲ್ಲೇ ಹೇಳಬಲ್ಲಳು. ಮಗಳು ಒಂದು ರೊಟ್ಟಿ ಬಡಿದಳು. ಅದು ಗೋವಾದ ನಕ್ಷೆಯಂತಾಯಿತು. ಅವ್ವ ಅದನ್ನೇ ತನ್ನ ತಾಟಿಗೆ ಹಾಕಿಸಿಕೊಂಡು ಉಂಡಳು.

ಮೂರು ಗಂಟೆಯ ಸುಮಾರಿಗೆ ಪಶ್ಚಿಮದಲ್ಲಿ ಮೋಡ ಕಟ್ಟಿತು. ಶರದೃತುವಿನ ಮಳೆ ಹೀಗೆಯೇ. ಬೆಳಗ್ಗೆ ಸುಳಿವು ಕೊಡುವುದಿಲ್ಲ. ಮಧ್ಯಾಹ್ನದ ಕಾವಿಗೆ ಮೋಡ ಎದ್ದು, ಗುಡುಗಿ, ಅರ್ಧ ಗಂಟೆ ಹೊಡೆದು, ಸಂಜೆಗೆ ಬಿಸಿಲು ಬಿಟ್ಟು ಹೋಗುತ್ತದೆ. "ಚಿತ್ತಿ ಮಳಿ ಇವತ್ತಿಗೆ ಮುಗೀತದ, ಹೋಗೂ ಮುಂದ ಒಂದ ಸಲ ಹೇಳಿ ಹೋಗತದ," ಎಂದಳು ಅವ್ವ. ಸೂರ್ಯ ಚಿತ್ತಾ ನಕ್ಷತ್ರದಲ್ಲಿ ಇರುವ ಸುಮಾರು ಹದಿಮೂರು ಹದಿನಾಲ್ಕು ದಿನಗಳ ಮಳೆಗೆ ಚಿತ್ತಿ ಮಳೆ ಎಂದು ಹೆಸರು. ಆಮೇಲೆ ಬರುವುದು ಸ್ವಾತಿ. ಅದರ ಹನಿ ಚಿಪ್ಪಿನಲ್ಲಿ ಬಿದ್ದರೆ ಮುತ್ತಾಗುತ್ತದೆ ಎಂಬ ನಂಬಿಕೆ ಇರುವುದು ಇದೇ ಮಳೆಗೆ. ಹವಾಮಾನ ಇಲಾಖೆ ಹುಟ್ಟುವ ಎಷ್ಟೋ ಮೊದಲು ನಮ್ಮ ರೈತರು ವರ್ಷದ ಮಳೆಯನ್ನು ಹೀಗೆ ಹಂಚಿ, ಹೆಸರಿಟ್ಟು, ಬಿತ್ತನೆಗೆ ಲೆಕ್ಕ ಇಟ್ಟುಕೊಂಡಿದ್ದರು.

ಮೊದಲ ಹನಿ ಬೀಳುವಾಗ ಮಗಳು ಆಫೀಸಿನವರ ಜೊತೆ ಲ್ಯಾಪ್‌ಟಾಪಿನಲ್ಲಿ ಮಾತಾಡುತ್ತಿದ್ದಳು. "ಕೌದೀ... ಕೌದೀ ತಗೀರೇ!" ಎಂದು ಅವ್ವ ಕೂಗಿದ್ದು ಬೆಂಗಳೂರು, ಗುರಗಾಂವಗಳಲ್ಲಿ ಕೂತವರಿಗೂ ಕೇಳಿಸಿರಬೇಕು. "ಒಂದು ನಿಮಿಷ, ಎಮರ್ಜೆನ್ಸಿ," ಎಂದು ಹೇಳಿ ಅವಳು ಹಿತ್ತಲಿಗೆ ಓಡಿದಳು. ಮೂರು ಕೌದಿ ಎಂದರೆ ಸಣ್ಣ ಭಾರವಲ್ಲ. ಇಬ್ಬರೂ ಹೊತ್ತು ತಂದು ಪಡಸಾಲೆಯಲ್ಲಿ ಹಾಕಿದೆವು. ಕೌದಿಯಿಂದ ಬಿಸಿಲಿನ ವಾಸನೆ ಬರುತ್ತಿತ್ತು. ಹೊರಗೆ ಹಂಚಿನ ಮೇಲೆ ಮಳೆ.

ಕೆಲಸ ಮುಗಿಸಿ ಬಂದ ಮಗಳಿಗೆ ಅವ್ವ ಕೌದಿಯ ತುಂಡು ತುಂಡನ್ನೂ ಮುಟ್ಟಿ ತೋರಿಸಿದಳು. ಪೊರೆ ತೆಗೆದ ಕಣ್ಣಿಗೆ ಬಣ್ಣಗಳು ಹೊಸದಾಗಿ ಕಾಣುತ್ತಿದ್ದವು. "ಇದು ನಿಮ್ಮ ಅವ್ವ ಸಾಲಿಗೆ ಹಾಕ್ಕೊಂಡು ಹೋಗತಿದ್ದ ಪರಕಾರ. ಇದು ನಿಮ್ಮ ಅಜ್ಜಾರ ಅಂಗಿ. ಇದು ನನ್ನ ಇಳಕಲ್ ಸೀರಿ ಸೆರಗು, ಹರದ ಮ್ಯಾಲೆ ಹಾಕಿದ್ದು. ನೀಲಿ ಅಂತ ಮರತಬಿಟ್ಟಿದ್ದೆ ನೋಡು, ಇಷ್ಟು ದಿವಸ ಕರೀದ ಅನಕೊಂಡಿದ್ದೆ." ಅಜ್ಜನನ್ನು ಮಗಳು ನೋಡಿಲ್ಲ. ಅವಳು ಹುಟ್ಟುವ ಮೊದಲೇ ಹೋದರು. ಆ ಅಂಗಿಯ ತುಂಡಿನ ಮೇಲೆ ಅವಳು ಕೈ ಇಟ್ಟು ಸ್ವಲ್ಪ ಹೊತ್ತು ಕೂತಿದ್ದಳು. ನಾನು ಏನೂ ಹೇಳಲಿಲ್ಲ.

ಸಂಜೆ

ನಾಲ್ಕೂವರೆಗೆ ಬಿಸಿಲು ಬಿತ್ತು. ಒಲೆಯ ಮೇಲೆ ಉಪ್ಪು ಹಾಕಿ ಕುದಿಸಿದ ಶೇಂಗಾ ಇತ್ತು. ಆದರೂ ಮಗಳಿಗೆ ಅಂಗಡಿಯ ಗಿರಮಿಟ್ ಬೇಕು! ಚುರಮರಿಗೆ ಈರುಳ್ಳಿ, ಹುಣಸೆಹಣ್ಣಿನ ಒಗ್ಗರಣೆ, ಪುಟಾಣಿ ಹಿಟ್ಟು ಕಲಸಿ, ಮೇಲೆ ಸೇವು ಉದುರಿಸಿ, ಪಕ್ಕಕ್ಕೆ ಒಂದು ಮಿರ್ಚಿ ಭಜಿ. ಭೇಲ್‌ಪುರಿಯ ತಂಗಿ ಎಂದು ನೀವು ಅನ್ನಬಹುದು. ಧಾರವಾಡದವರ ಮುಂದೆ ಮಾತ್ರ ಹಾಗೆ ಹೇಳಬೇಡಿ.

ಅಲ್ಲಿಂದ ರಿಕ್ಷಾ ಹಿಡಿದು ಸಾಧನಕೇರಿಗೆ ಹೋದೆವು. ವರಕವಿ ಬೇಂದ್ರೆಯವರು ಬಾಳಿದ ಬಡಾವಣೆ ಅದು. ಈಗ ಅಲ್ಲಿ ಬೇಂದ್ರೆ ಭವನವಿದೆ, ಎದುರಿಗೆ ಕೆರೆ ಇದೆ. ಮಳೆ ನಿಂತ ಮೇಲಿನ ಕೆರೆ ಅಂಚಿನವರೆಗೆ ತುಂಬಿತ್ತು. ಬೆಳ್ಳಕ್ಕಿಗಳು ಗೂಡಿಗೆ ಮರಳುತ್ತಿದ್ದವು. ಮಕ್ಕಳು ಆಡುತ್ತಿದ್ದರು, ಪಿಂಚಣಿದಾರರು ಬೆಂಚಿನ ಮೇಲೆ ಕೂತು ರಾಜಕಾರಣ ಮಾತಾಡುತ್ತಿದ್ದರು. ನೋಡಲೇಬೇಕಾದ ಸ್ಥಳ ಎಂದು ಯಾರೂ ಬೋರ್ಡು ಹಾಕಿರದ, ಸುಮ್ಮನೆ ಕೂರುವ ಜಾಗ.

ನಿಮಗೆ ಒಂದು ವಿಷಯ ಹೇಳಬೇಕು. ಧಾರವಾಡ ಎಂದರೆ ಬೇಂದ್ರೆ ಎನ್ನುತ್ತೇವೆ. ಆದರೆ ಅವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅಷ್ಟು ವರ್ಷ ಹೊರಗಿದ್ದೂ ಸಾಧನಕೇರಿ ಅವರ ಊರಾಗಿಯೇ ಉಳಿಯಿತು. ಹಾಗೆಯೇ ಧಾರವಾಡದ ಹೆಸರು ಹೊತ್ತ ಪೇಢೆ ಹುಟ್ಟಾ ಧಾರವಾಡದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವೊ ಕಡೆಯಿಂದ ಬಂದ ಠಾಕೂರ್ ಮನೆತನದವರು ಅದನ್ನು ಇಲ್ಲಿ ಮಾಡಲು ಶುರು ಮಾಡಿದರು. ಲೈನ್ ಬಜಾರಿನ ಅಂಗಡಿಯ ಮುಂದೆ ಜನ ಸಾಲಾಗಿ ನಿಂತು ಕೊಂಡರು. ಊರು ಬಿಟ್ಟವರು, ಊರಿಗೆ ಬಂದವರು, ಇಬ್ಬರನ್ನೂ ಊರು ತನ್ನವರೆಂದೇ ಎಣಿಸಿದೆ. ಹೊರನಾಡಿನಲ್ಲಿ ಹುಟ್ಟಿದ ನಿಮಗೆ ಮಾತ್ರ ಜಾಗವಿಲ್ಲ ಎಂದು ಯಾಕೆ ತಿಳಿಯಬೇಕು?

ಕತ್ತಲಾಗುವ ಹೊತ್ತಿಗೆ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಬಂದೆವು. 1890ರಲ್ಲಿ ರಾ.ಹ. ದೇಶಪಾಂಡೆಯವರು ಕಟ್ಟಿದ ಸಂಸ್ಥೆ. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿಗಳಲ್ಲಿ, ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ ಆಗಿದ್ದ ಕಾಲದಲ್ಲಿ ಕನ್ನಡಕ್ಕೆ ಒಂದು ನೆಲೆ ಬೇಕೆಂದು ಹುಟ್ಟಿದ ಸಂಘ ಇದು. ಹೊರನಾಡಿನ ನಮ್ಮಂಥ ಸಂಘಗಳಿಗೆಲ್ಲ ಹಿರಿಯಕ್ಕ ಎನ್ನಬಹುದು. ಅಂದು ಅಲ್ಲಿ ಒಂದು ದತ್ತಿ ಉಪನ್ಯಾಸವಿತ್ತು. ವಿಷಯ ವಚನ ಸಾಹಿತ್ಯ. ಸಭೆಯಲ್ಲಿ ಇಪ್ಪತ್ತೈದು ಮೂವತ್ತು ಜನ. ಆಮಂತ್ರಣ ಬೇಕಿಲ್ಲ, ಟಿಕೆಟಿಲ್ಲ. ಒಳಗೆ ಹೋದರೆ ಯಾರೋ ಸರಿದು ಜಾಗ ಕೊಟ್ಟರು. ಮಗಳಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಪಕ್ಕದಲ್ಲಿ ಕೂತ ಹಿರಿಯರೊಬ್ಬರು, "ಯಾವೂರವ್ವಾ ತಂಗಿ ನೀ?" ಎಂದು ಕೇಳಿದರು. ಅವಳು ಒಂದು ಕ್ಷಣ ನನ್ನ ಮುಖ ನೋಡಿ, "ಇಲ್ಲೇ ರೀ, ಮಾಳಮಡ್ಡಿ," ಎಂದಳು. ಅವರು ತಲೆಯಾಡಿಸಿ ಮತ್ತೆ ಭಾಷಣ ಕೇಳತೊಡಗಿದರು. ಅವರಿಗೆ ಅದು ಸಾಮಾನ್ಯ ಉತ್ತರ. ನನಗೆ ಆ ದಿನದ ದೊಡ್ಡ ಮಾತು.

ರಾತ್ರಿ

ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕೂತು ರೇಡಿಯೋ ಕೇಳುತ್ತಿದ್ದಳು. ಹಿಂದೂಸ್ತಾನಿ ಗಾಯನ ಬರುತ್ತಿತ್ತು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಇವರನ್ನೆಲ್ಲ ದಾರಿಯಲ್ಲಿ ಎದುರಾಗಿ ನಮಸ್ಕಾರ ಹೇಳಿದ ಜನ ನಮ್ಮ ಊರಿನಲ್ಲಿ ಇನ್ನೂ ಇದ್ದಾರೆ. ಅವ್ವನಿಗೆ ರಾಗದ ಹೆಸರು ಗೊತ್ತಿಲ್ಲ. ಆದರೆ ಹಾಡು ಸುಳ್ಳು ಹಾಡಿದರೆ ಗೊತ್ತಾಗುತ್ತದೆ.

ಊಟವಾದ ಮೇಲೆ ಮಗಳು ಅಜ್ಜಿಯನ್ನು ಕೇಳಿದಳು, "ಅಜ್ಜಿ, ನೀವು ಮುಂಬಯಿ ಕಡೇನೇ ಬರಲಿಲ್ಲ ಯಾಕೆ?" ಅವ್ವ ನಕ್ಕಳು. "ನಾವೆಲ್ಲಿ ಬರೋದವಾ, ಮುಂಬೈನ ನಮ್ಮ ಕಡೆ ಇತ್ತು. ನಾ ಹೈಸ್ಕೂಲ ಕಲಿಯೂ ಮುಂದ ನಮ್ಮದು ಮುಂಬೈ ರಾಜ್ಯ." 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಆಗ ಅವ್ವನಿಗೆ ಹದಿನಾರು. ಊರು ಇದ್ದಲ್ಲೇ ಇತ್ತು, ರಾಜಧಾನಿ ಮಾತ್ರ ಬದಲಾಯಿತು. ರಾಜ್ಯೋತ್ಸವವನ್ನು ಸಂಘದ ವೇದಿಕೆಯ ಮೇಲೆ ಕುಣಿತವಾಗಿ ಮಾತ್ರ ಕಂಡಿದ್ದ ಮಗಳಿಗೆ, ಅದು ಅಜ್ಜಿಯ ಹದಿನಾರನೆಯ ವರ್ಷದ ಸಂಗತಿ ಎಂದು ತಿಳಿದದ್ದು ಅಂದು ರಾತ್ರಿ.

ಮಲಗುವಾಗ ಚಳಿ ಇತ್ತು. ಬಿಸಿಲು ಕುಡಿದ ಕೌದಿ ಹೊದ್ದು ಮಗಳು ಬೇಗನೆ ನಿದ್ದೆ ಹೋದಳು. ಹುಣ್ಣಿಮೆ ಕಳೆದು ಆರು ದಿನವಾಗಿದ್ದರಿಂದ ಚಂದ್ರ ತಡವಾಗಿ ಹುಟ್ಟಿದ. ಪಾರಿಜಾತದ ಮೊಗ್ಗುಗಳು ಬಿರಿಯಲು ಶುರುವಾಗಿದ್ದವು. ಧೋತರ ಹಾಸಿ ನಾನೂ ಮಲಗಿದೆ. ಗೃಹಿಣಿಯರಿಗೆ ಲೆಕ್ಕ ಮಾಡದೆ ನಿದ್ದೆ ಬರುವುದಿಲ್ಲವಷ್ಟೇ. ಕಾಯಿಪಲ್ಲೆ, ಗಿರಮಿಟ್, ರಿಕ್ಷಾ ಎಲ್ಲ ಕೂಡಿ ಆ ದಿನ ನಮ್ಮ ಖರ್ಚು ನಾನೂರು ರೂಪಾಯಿಗೆ ಮುಟ್ಟಲಿಲ್ಲ.

ನಿಮಗೆ ಒಂದು ಮಾತು

ಊರು ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ಧಾರವಾಡದಲ್ಲೂ ಈಗ ವಾಹನ ದಟ್ಟಣೆ ಇದೆ, ಕಸವಿದೆ, ನೀರಿನ ಚಿಂತೆ ಇದೆ. ನಮ್ಮ ತವರಿನ ಓಣಿಯಲ್ಲಿ ಹಿರಿಯರು ಮಾತ್ರ ಇರುವ ಮನೆಗಳು ಒಂದೊಂದಾಗಿ ಬೀಗ ಹಾಕಿಕೊಳ್ಳುತ್ತಿವೆ. ಊರು ಬದಲಾಗಲೂ ಬೇಕು. 2016ರಲ್ಲಿ ಅಲ್ಲಿ ಐ.ಐ.ಟಿ. ಬಂತು. 2018ರಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಓಡಲು ಶುರುವಾದ ಹೊಸ ಬಸ್ಸುಗಳಿಗೆ 'ಚಿಗರಿ' ಎಂದು ಹೆಸರಿಟ್ಟಾಗ, ನಮ್ಮ ಕಡೆಯ ಜಿಂಕೆಯ ಹೆಸರು ಕಂಡು ನನಗೆ ಸಂತೋಷವೇ ಆಯಿತು.

ನಮ್ಮ ಮನೆಯ ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ. ಬಹುಶಃ ಒಂದು ದಿನ ಅದು ಹೋಗಬಹುದು. ಸೋರುವ ಹಂಚಿನ ಮನೆಯನ್ನು ನಾಲ್ಕು ಊರುಗಳಲ್ಲಿ ಹರಡಿಕೊಂಡವರು ಎಷ್ಟು ದಿನ ಹಿಡಿದಿಟ್ಟುಕೊಳ್ಳಲು ಸಾಧ್ಯ? ಮಕ್ಕಳ ಮೇಲೆ ಆ ಭಾರ ಹೊರಿಸುವುದು ನನಗೂ ಸರಿ ಕಾಣುವುದಿಲ್ಲ. ಆದರೆ ಮನೆ 'ಬೇಡ' ಎನ್ನುವ ಮೊದಲು ಬೇಡವೆನ್ನುವುದು ಏನನ್ನು ಎಂದು ತಿಳಿದಿರಬೇಕು. ಹತ್ತು ದಿನ ಇದ್ದು ಮುಂಬಯಿಗೆ ಮರಳಿದ ಮೇಲೆ ಮಗಳು ಮನೆಯ ವಿಷಯಕ್ಕೆ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. "ಇನ್ನೊಂದು ಸಲ ಹೋಗಿ ಬಂದು ಹೇಳ್ತೀನಿ," ಎಂದಳು. ಅಜ್ಜಿಗೆ ಈಗ ವಾರಕ್ಕೊಮ್ಮೆ ಅವಳೇ ಫೋನ್ ಮಾಡುತ್ತಾಳೆ. ಇಬ್ಬರಿಗೂ ಮಾತಾಡಲು ಈಗ ವಿಷಯವಿದೆ. ಬುಟ್ಟಿಯವಳು ಬಂದಿದ್ದಳೇ, ಸ್ವಾತಿ ಮಳೆ ಆಯಿತೇ, ಎಣ್ಣೆಗಾಯಿಗೆ ಗುರೆಳ್ಳು ಎಷ್ಟು.

ಯುವ ಮಿತ್ರರೇ, ಈ ವರ್ಷ ದಸರೆ ದೀಪಾವಳಿಗಳ ನಡುವೆ ನಾಲ್ಕು ದಿನ ರಜೆ ಉಳಿಸಿಕೊಳ್ಳಿ. ಮದುವೆ ಇಲ್ಲದಾಗ, ಜಾತ್ರೆ ಇಲ್ಲದಾಗ ಊರಿಗೆ ಹೋಗಿ. ನೋಡಬೇಕಾದ ಸ್ಥಳಗಳ ಪಟ್ಟಿ ಬೇಡ. ಮನೆಯ ಹಿರಿಯರ ಜೊತೆ ಒಂದು ಸಲ ಮಾರ್ಕೆಟ್ಟಿಗೆ ಹೋಗಿ ಚೀಲ ಹಿಡಿಯಿರಿ. ಅಡುಗೆಮನೆಯಲ್ಲಿ, ಹಿತ್ತಲಿನಲ್ಲಿ ಹೆಸರು ಗೊತ್ತಿಲ್ಲದ್ದು ಕಂಡರೆ ಹೆಸರು ಕೇಳಿ. ಒಂದು ಸಂಜೆ ಏನೂ ಮಾಡದೆ ಕಟ್ಟೆಯ ಮೇಲೆ ಕೂತುಕೊಳ್ಳಿ. ಯಾರಾದರೂ ಬಂದು ಮಾತಾಡಿಸುತ್ತಾರೆ. ಅಜ್ಜ ಅಜ್ಜಿ ಇದ್ದರೆ ಇನ್ನೂ ಒಳ್ಳೆಯದು. ಅವರು ಎಷ್ಟು ಶರದೃತು ಇರುತ್ತಾರೆ ಎಂದು ಯಾರೂ ಹೇಳಲಾರರು. ಅವರಿಲ್ಲದಿದ್ದರೂ, ಮನೆ ಮಾರಿ ಹೋಗಿದ್ದರೂ, ಊರಿನ ಕೆರೆಯ ದಂಡೆ ಇದ್ದೇ ಇರುತ್ತದೆ. ಅಲ್ಲಿ ಕೂರಲು ಯಾರ ಅಪ್ಪಣೆಯೂ ಬೇಕಿಲ್ಲ.

ಟಿಕೆಟನ್ನು ಮಾತ್ರ ಈಗಲೇ ತೆಗೆಸಿಬಿಡಿ. ದೀಪಾವಳಿ ಹತ್ತಿರ ಬಂದರೆ ಹುಬ್ಬಳ್ಳಿ ಕಡೆಯ ಗಾಡಿಯಲ್ಲಿ ಸೀಟು ಸಿಗುವುದು ಕಷ್ಟ. ಹೋಗುವಾಗ ಒಂದು ದೊಡ್ಡ ಖಾಲಿ ಚೀಲ ಇಟ್ಟುಕೊಳ್ಳಿ. ಬರುವಾಗ ಶೇಂಗಾ, ಹಿಂಡಿ, ಚೂಡಾ, ಪೇಢೆ ಎಲ್ಲ ತುಂಬಿ, ಅದರ ಮೇಲೆ ಕೊಸರೂ ಹಾಕಿ ಕಳಿಸುತ್ತಾರೆ.